ಐ ಚಿಂಗ್ ಕೇಳಿ ನಿರ್ಧಾರ ಮಾಡಿದವರು ಇದ್ದೀರಾ?

ಪ್ರಶ್ನೆ: ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಹೋಗುವುದೋ ಬೇಡವೋ ಅಂತ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಾಣ್ಯ ಹಾಕಿ ಪ್ರಶ್ನೆ ಕೇಳುವ ಚೀನಾದ ಹಳೆಯ ಪುಸ್ತಕ ಐ ಚಿಂಗ್ ನೋಡು ಅಂತ ಗೆಳತಿ ಹೇಳಿದಳು. ನನಗೆ ಏನೂ ಗೊತ್ತಿಲ್ಲ. ಬಳಸಿದವರು ದಯವಿಟ್ಟು ಹೇಳಿ.

ಉತ್ತರ 1: ಆರು ವರ್ಷದಿಂದ ನನ್ನ ಜೊತೆಗಿದೆ. ವಿಧಾನ ಕಷ್ಟವಿಲ್ಲ. ಒಂದೇ ಥರದ ಮೂರು ನಾಣ್ಯ ತೆಗೆದುಕೊಳ್ಳಿ. ಹೆಡ್ ಬಿದ್ದರೆ 3, ಟೇಲ್ ಬಿದ್ದರೆ 2. ಮೂರನ್ನೂ ಒಟ್ಟಿಗೆ ಹಾಕಿ ಕೂಡಿಸಿದರೆ 6, 7, 8 ಇಲ್ಲವೇ 9 ಬರುತ್ತದೆ. 7, 9 ಬಂದರೆ ಇಡೀ ಗೆರೆ, ಅದು ಯಾಂಗ್. 6, 8 ಬಂದರೆ ನಡುವೆ ತುಂಡಾದ ಗೆರೆ, ಅದು ಯಿನ್. ಆರು ಸಲ ಹಾಕಿ ಆರು ಗೆರೆ ಬರೆಯಿರಿ, ಕೆಳಗಿನಿಂದ ಮೇಲಕ್ಕೆ. (ನಾನು ಮೊದಲು ಮೇಲಿನಿಂದ ಬರೆದು ಬೇರೆಯದೇ ಪುಟ ಓದಿದ್ದೆ.) ಇಂಥ 64 ಚಿತ್ರಗಳಿವೆ, ಒಂದೊಂದಕ್ಕೂ ಹೆಸರು ಮತ್ತು ಮಾತು ಇದೆ. 6 ಮತ್ತು 9 ಬದಲಾಗುವ ಗೆರೆಗಳು. ಅವುಗಳ ಮಾತನ್ನು ಬೇರೆಯಾಗಿ ಓದಬೇಕು, ಅವುಗಳಲ್ಲಿ ಯಿನ್ ಇದ್ದದ್ದನ್ನು ಯಾಂಗ್, ಯಾಂಗ್ ಇದ್ದದ್ದನ್ನು ಯಿನ್ ಮಾಡಿದರೆ ಎರಡನೇ ಚಿತ್ರ ಸಿಗುತ್ತದೆ.

ನಾನು ಮೂರನೇ ಸಲ ಕಂಪನಿ ಬದಲಿಸಲು ಹೊರಟಾಗ 48ನೇ ಚಿತ್ರ ಬಂತು. ಅದರ ಹೆಸರು ಬಾವಿ. ಕೆಳಗಿನ ಮೂರು ಗೆರೆ ಮರ, ಮೇಲಿನ ಮೂರು ಗೆರೆ ನೀರು. ಊರು ಬದಲಾಗಬಹುದು, ಬಾವಿ ಬದಲಾಗದು. ಹಗ್ಗ ಇನ್ನೇನು ನೀರು ಮುಟ್ಟಬೇಕು, ಅಷ್ಟರಲ್ಲಿ ಕೊಡ ಒಡೆದರೆ ಕೇಡು ಅನ್ನುವ ಅರ್ಥದ ಮಾತು ಅಲ್ಲಿದೆ. ಓದಿ ಸುಮ್ನೆ ಕೂತುಬಿಟ್ಟೆ. ಹೋದಲ್ಲೆಲ್ಲ ಅದೇ ಸುಸ್ತು, ಅದೇ ಜಗಳ. ಊರು ಬದಲಿಸುತ್ತಿದ್ದೆ, ಹಗ್ಗ ಗಿಡ್ಡವೇ ಇತ್ತು. ಆ ವರ್ಷ ಕೆಲಸ ಬಿಡಲಿಲ್ಲ, ಸಂಜೆ ಹೊತ್ತು ಹೊಸ ವಿದ್ಯೆ ಕಲಿತೆ. ನಾಳೆ ಏನಾಗುತ್ತದೆ ಅಂತ ಅದು ಹೇಳಲಿಲ್ಲ. ನಾನು ನೋಡದೆ ಬಿಟ್ಟಿದ್ದನ್ನು ತೋರಿಸಿತು. ಅದಕ್ಕೇ ‘ಹೋಗಲಾ, ಬೇಡವಾ’ ಅಂತ ಕೇಳಬೇಡಿ. ‘ಹೋದರೆ ನಾನು ಯಾವುದನ್ನು ಗಮನಿಸಬೇಕು’ ಅಂತ ಕೇಳಿ. ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ.

ಉತ್ತರ 2: ತಂಗಿ, ಒಂದೇ ಸಲ ಕೇಳು. ಮಗನ ಓದಿನ ವಿಷಯಕ್ಕೆ ಒಂದೇ ರಾತ್ರಿ ಐದು ಸಲ ನಾಣ್ಯ ಹಾಕಿದ್ದೆ, ಬೇಕಾದ ಉತ್ತರ ಬರಲಿ ಅಂತ. ಐದೂ ಬೇರೆ ಬೇರೆ, ತಲೆ ಕೆಟ್ಟುಹೋಯಿತು. ಆಮೇಲೆ 4ನೇ ಚಿತ್ರ ಓದಿದೆ. ಮೊದಲ ಸಲ ಕೇಳಿದರೆ ಹೇಳುತ್ತೇನೆ, ಎರಡು ಮೂರು ಸಲ ಕೇಳಿದರೆ ಅದು ಪೀಡಿಸುವುದು, ಹೇಳುವುದಿಲ್ಲ ಅಂತ ಅಲ್ಲೇ ಇದೆ.

ಉತ್ತರ 3: ಸಮಯ ಇದ್ದರೆ ಹಳೆಯ ವಿಧಾನ ನೋಡಿ. ‘ಯಾರೋ’ (yarrow) ಅನ್ನುವ ಗಿಡದ 50 ಒಣಕಡ್ಡಿ, ಒಂದನ್ನು ಪಕ್ಕಕ್ಕಿಟ್ಟು 49ರಲ್ಲಿ ಎಣಿಕೆ. ಲೆಕ್ಕವೂ ಬೇರೆ: ನಾಣ್ಯದಲ್ಲಿ 6 ಮತ್ತು 9 ಬರುವ ಸಾಧ್ಯತೆ ಒಂದೇ, ಕಡ್ಡಿಯಲ್ಲಿ 9 ಮೂರು ಪಟ್ಟು ಜಾಸ್ತಿ. ನಿಧಾನ ಆಗುತ್ತದೆ, ಆದರೆ ಎಣಿಸುತ್ತಾ ಮನಸ್ಸು ತಣ್ಣಗಾಗುತ್ತದೆ. ನನಗೆ ಅದೇ ಮುಖ್ಯ. ಓದಲು ವಿಲ್‌ಹೆಲ್ಮ್ ಅವರ 1924ರ ಜರ್ಮನ್ ಅನುವಾದದಿಂದ 1950ರಲ್ಲಿ ಇಂಗ್ಲಿಷ್‌ಗೆ ಬಂದದ್ದು ಸಿಗುತ್ತದೆ. ಮೂಲ ಮಾತುಗಳು ಹಳೇ ಚೀನಾದ ಝೌ ದೊರೆಗಳ ಕಾಲದವು, ವ್ಯಾಖ್ಯಾನ ಆಮೇಲೆ ಸೇರಿದ್ದು. ಎರಡನ್ನೂ ಬೇರೆ ಬೇರೆಯಾಗಿ ಓದಿ.

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಧನ್ಯವಾದ. ‘ಹೋಗಲಾ’ ಅಂತ ಬರೆದಿದ್ದನ್ನು ಹೊಡೆದುಹಾಕಿದೆ. ‘ನಾನು ಹೋದರೆ ಅಪ್ಪನಿಗೆ ಏನು ಬೇಕಾಗುತ್ತದೆ’ ಅಂತ ಬರೆದೆ. ನಾಣ್ಯ ಇನ್ನೂ ಹಾಕಿಲ್ಲ. ಮೊದಲು ಅಪ್ಪನ ಹತ್ತಿರ ಕೂತು ಮಾತಾಡುತ್ತೇನೆ.