ಪದಚರ್ಚೆ: ಹಾರ್ಡ್ ಡಿಸ್ಕ್ ಬೇರೆ ಕಂಪ್ಯೂಟರಿಗೆ ಹಾಕಿದ ಮೇಲೆ ‘ಬೂಟ್ ಆಗುತ್ತಿಲ್ಲ’

ಎಲ್ಲರಿಗೂ ನಮಸ್ಕಾರ.

ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತೇವೆ. ವಿಂಡೋಸೋ ಲಿನಕ್ಸೋ ಬರುವುದಿಲ್ಲ. ಆಗ ಎಲ್ಲರೂ ಹೇಳುವುದು ‘ಬೂಟ್ ಆಗ್ತಿಲ್ಲ’ ಎಂದೇ. ರಿಪೇರಿ ಅಂಗಡಿಯಲ್ಲಾದರೆ ‘ಸ್ಕ್ರೀನ್ ಮೇಲೆ ಏನು ಬರ್ತಿದೆ?’ ಎಂದು ತಿರುಗಿ ಕೇಳುತ್ತಾರೆ. ಪುಸ್ತಕ ಹಾಗೆ ಕೇಳಲಾರದು. ಶಾಲೆಗಳ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಒಂದೊಂದು ದೋಷಕ್ಕೂ ಪರಿಹಾರ ಬೇರೆಯಾದ್ದರಿಂದ ಹೆಸರೂ ಬೇರೆ ಬೇಕು. ಮೊದಲು ದೋಷಗಳನ್ನು ಹೇಳುತ್ತೇನೆ.

ಒಂದು. ಎಫ್2 ಅಥವಾ ಡಿಲೀಟ್ ಒತ್ತಿ ಸೆಟಪ್‌ಗೆ (ಯಂತ್ರದ ಸ್ವಂತ ಸೆಟ್ಟಿಂಗುಗಳ ತೆರೆಗೆ) ಹೋದರೆ ಅಲ್ಲಿ ಡಿಸ್ಕಿನ ಹೆಸರೇ ಇಲ್ಲ. ಇದು ಕೇಬಲ್, ಕರೆಂಟು, ಸ್ಲಾಟ್‌ಗಳ ವಿಷಯ. ಸಾಟಾ ಡಿಸ್ಕಿಗೆ 7 ಪಿನ್ನಿನ ಡೇಟಾ ಕೇಬಲ್, 15 ಪಿನ್ನಿನ ಪವರ್ ಕೇಬಲ್ ಎರಡೂ ಕೂತಿರಬೇಕು. ಎಂ.2 (ಬೋರ್ಡಿನ ಸ್ಲಾಟಿಗೆ ನೇರ ಕೂರುವ ಚಪ್ಪಟೆ ಡಿಸ್ಕ್) ಆದರೆ ಸಾಟಾ ಮಾದರಿಯದನ್ನು ಎನ್‌ವಿಎಂಇ ಎಂಬ ಇನ್ನೊಂದು ಮಾದರಿಯನ್ನು ಮಾತ್ರ ಓದುವ ಸ್ಲಾಟಿಗೆ ಹಾಕಿದ್ದಾರೆಯೇ ನೋಡಬೇಕು. ಸ್ಲಾಟಿಗೆ ಅದು ಸರಿಯಾಗಿ ಕೂರುತ್ತದೆ, ಆದರೆ ಯಂತ್ರಕ್ಕೆ ಏನೂ ಕಾಣುವುದಿಲ್ಲ. ಎಕ್ಸ್‌ಟರ್ನಲ್ ಡಬ್ಬಿಯಿಂದ ಬಿಚ್ಚಿದ ಕೆಲವು 3.5 ಇಂಚಿನ ಡಿಸ್ಕುಗಳು ತಿರುಗುವುದೇ ಇಲ್ಲ. ಪವರ್ ಕನೆಕ್ಟರಿನ 3ನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಆರಿಹೋಗುವಂತೆ ಅವನ್ನು ಮಾಡಿರುತ್ತಾರೆ. 3.3 ವೋಲ್ಟಿನ ತಂತಿ ಇಲ್ಲದ ಮೊಲೆಕ್ಸ್ ಅಡಾಪ್ಟರ್ ಹಾಕಿದರೆ ಓಡುತ್ತವೆ.

ಎರಡು. ಸೆಟಪ್‌ನಲ್ಲಿ ಡಿಸ್ಕಿನ ಹೆಸರಿದೆ, ಆದರೂ ‘ನೋ ಬೂಟಬಲ್ ಡಿವೈಸ್’. ಹಳೆಯ ಯಂತ್ರ ಲೆಗಸಿ ಬಯಾಸ್ (ಬೂಟ್ ಮಾಡುವ ಹಳೆಯ ಪದ್ಧತಿ), ಡಿಸ್ಕ್ ಎಂಬಿಆರ್ (ಪಾರ್ಟಿಷನ್ ಪಟ್ಟಿ ಬರೆಯುವ ಹಳೆಯ ವಿಧಾನ), ಹೊಸ ಯಂತ್ರ ಬರೀ ಯುಇಎಫ್‌ಐ (ಬೂಟ್ ಮಾಡುವ ಹೊಸ ಪದ್ಧತಿ) ಆದರೆ ಹೀಗೆ. ಎರಡೂ ಯುಇಎಫ್‌ಐ ಆಗಿದ್ದರೂ ಹೀಗಾಗಬಹುದು. ಯಾವ ಫೈಲಿನಿಂದ ಶುರು ಮಾಡಬೇಕೆಂಬ ನಮೂದು ಇರುವುದು ಮದರ್‌ಬೋರ್ಡಿನ ಮೆಮೊರಿಯಲ್ಲಿ. ಡಿಸ್ಕಿನ ಜೊತೆ ಅದು ಬರುವುದಿಲ್ಲ.

ಮೂರು. ಏನೋ ಶುರುವಾಗಿ ‘ಗ್ರಬ್ ರೆಸ್ಕ್ಯೂ’ ಎಂದೋ ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದೋ ನಿಲ್ಲುತ್ತದೆ. ಗ್ರಬ್ ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಂ, ಬೂಟ್‌ಎಂಜಿಆರ್ ವಿಂಡೋಸನ್ನು.

ನಾಲ್ಕು. ವಿಂಡೋಸ್ ಲೋಗೋ ಬಂದು, ನೀಲಿ ತೆರೆಯ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಹಳೆಯ ವಿಂಡೋಸ್‌ನಲ್ಲಾದರೆ ಇದೇ 0ಎಕ್ಸ್7ಬಿ. ಲಿನಕ್ಸಿನಲ್ಲಿ ‘ರೂಟ್ ಡಿವೈಸಿಗೆ ಕಾದು ಸಾಕಾಯಿತು’ ಎನ್ನುವ ಸಂದೇಶದ ಕೆಳಗೆ ಇನಿಟ್‌ರಾಮ್‌ಎಫ್‌ಎಸ್ (ಲಿನಕ್ಸ್ ಡಿಸ್ಕ್ ತೆರೆಯುವ ಮೊದಲು ಮೆಮೊರಿಗೆ ಬರುವ ಪುಟ್ಟ ವ್ಯವಸ್ಥೆ) ಪ್ರಾಂಪ್ಟ್.

ಕರಡಿನಲ್ಲಿ ಈಗ ಇರುವ ಪದಗಳು: ‘ಡಿಸ್ಕ್ ಕಾಣುತ್ತಿಲ್ಲ’, ‘ಬೂಟ್ ಸಾಧನ ಇಲ್ಲ’, ‘ಬೂಟ್ ಕಡತ ಕಳೆದುಹೋಗಿದೆ’, ‘ಪ್ರವೇಶಿಸಲಾಗದ ಬೂಟ್ ಸಾಧನ’. ಕೊನೆಯದಕ್ಕೆ ಕಾರಣವನ್ನು ‘ಚಾಲಕ ಇಲ್ಲ’ ಎಂದು ಬರೆದಿದೆ. ಇವುಗಳಲ್ಲಿ ಯಾವುದು ಉಳಿಯಬಹುದು, ಯಾವುದು ದಾರಿ ತಪ್ಪಿಸುತ್ತದೆ?

———

> ‘ಡಿಸ್ಕ್ ಕಾಣುತ್ತಿಲ್ಲ’

ಇದು ಬೇಡ. ವಿಂಡೋಸಿನ ದಿಸ್ ಪಿಸಿಯಲ್ಲಿ ಡ್ರೈವಿನ ಅಕ್ಷರ (ಸಿ, ಡಿ ಇತ್ಯಾದಿ) ಬರದಿದ್ದರೂ ಜನ ‘ಕಾಣುತ್ತಿಲ್ಲ’ ಎನ್ನುತ್ತಾರೆ. ಅದು ಲಿನಕ್ಸಿನ ಎಕ್ಸ್‌ಟಿ4 ಪಾರ್ಟಿಷನ್ ಇರಬಹುದು, ಅಕ್ಷರ ಕೊಡದ ಪಾರ್ಟಿಷನ್ ಇರಬಹುದು. ಡಿಸ್ಕ್ ನೆಟ್ಟಗೇ ಇರುತ್ತದೆ. ಅಂಗಡಿಗಳಲ್ಲಿ ಪೆನ್‌ಡ್ರೈವಿಗೂ ಸಿಮ್‌ಗೂ ಹೇಳುವ ‘ತಗೊಳ್ತಿಲ್ಲ’ ಇಲ್ಲಿ ಸರಿಹೊಂದುತ್ತದೆ: ‘ಸೆಟಪ್ ಡಿಸ್ಕ್ ತೆಗೆದುಕೊಳ್ಳುತ್ತಿಲ್ಲ’. ‘ಸೆಟಪ್’ ಎಂಬ ಕರ್ತೃ ಬಿಟ್ಟುಹೋಗಬಾರದು. ಯಾರು ತೆಗೆದುಕೊಳ್ಳುತ್ತಿಲ್ಲ ಎನ್ನುವುದರಲ್ಲೇ ಅರ್ಧ ಪತ್ತೆಯಾಗುತ್ತದೆ.

> ‘ಬೂಟ್ ಸಾಧನ ಇಲ್ಲ’

ಓದುವವರು ಡಿಸ್ಕ್ ಸತ್ತಿದೆ ಎಂದುಕೊಳ್ಳುತ್ತಾರೆ. ಯಂತ್ರ ಹೇಳುತ್ತಿರುವುದು ‘ಎಲ್ಲಿಂದ ಶುರು ಮಾಡಲಿ, ತಿಳಿಯದು’ ಎಂದು. ‘ಬೂಟ್ ಮಾಡಲು ದಾರಿ ಸಿಗುತ್ತಿಲ್ಲ’ ಎಂದು ಬರೆಯಿರಿ. ಕೆಳಗೆ ಕ್ರಮವಾಗಿ ಇವಿಷ್ಟು ಬರಲಿ. ಮೊದಲು ಸೆಟಪ್‌ನಲ್ಲಿ ಬೂಟ್ ಮೋಡ್ ನೋಡುವುದು; ಹಳೆಯ ಯಂತ್ರ ಲೆಗಸಿ ಇದ್ದು ಹೊಸದರಲ್ಲಿ ಸಿಎಸ್‌ಎಂ (ಯುಇಎಫ್‌ಐ ಯಂತ್ರದಲ್ಲಿ ಲೆಗಸಿ ಬೂಟ್‌ಗೆ ಅವಕಾಶ ಕೊಡುವ) ಆಯ್ಕೆ ಇದ್ದರೆ ಅದನ್ನು ಆನ್ ಮಾಡುವುದು, ಅದಕ್ಕೆ ಮೊದಲು ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಫೈಲುಗಳನ್ನಷ್ಟೇ ಬಿಡುವ ಕಾವಲು) ಆಫ್ ಆಗಬೇಕು. ಸಿಎಸ್‌ಎಂ ಇಲ್ಲವೇ ಇಲ್ಲವಾದರೆ ಡಿಸ್ಕನ್ನು ಮತ್ತೆ ಹಳೆಯ ಯಂತ್ರಕ್ಕೇ ಹಾಕಿ, ವಿಂಡೋಸ್ 10ರ 1703 ಅಥವಾ ಅದರ ನಂತರದ ಆವೃತ್ತಿಯಲ್ಲಿ ಎಂಬಿಆರ್2ಜಿಪಿಟಿ (ಎಂಬಿಆರ್ ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿಗೆ ಬದಲಿಸುವ ಪ್ರೋಗ್ರಾಂ) ಓಡಿಸುವುದು. ಮೊದಲು ವ್ಯಾಲಿಡೇಟ್, ಅದು ಸರಿ ಎಂದ ಮೇಲೆ ಕನ್ವರ್ಟ್. ಪ್ರೈಮರಿ ಪಾರ್ಟಿಷನ್ 3ಕ್ಕಿಂತ ಹೆಚ್ಚಿದ್ದರೆ, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ. ಬದಲಾದ ಡಿಸ್ಕ್ ಆಮೇಲೆ ಲೆಗಸಿ ಮೋಡಿನಲ್ಲಿ ಬರುವುದಿಲ್ಲ ಎಂಬುದನ್ನೂ ಬರೆಯಿರಿ.

ಎರಡೂ ಯುಇಎಫ್‌ಐ ಆಗಿ ನಮೂದು ಮಾತ್ರ ಇಲ್ಲವಾದಾಗ ವಿಂಡೋಸ್ ಸಾಮಾನ್ಯವಾಗಿ ಪಾರಾಗುತ್ತದೆ. ನಮೂದಿಲ್ಲದಿದ್ದಾಗ ಯಂತ್ರ ಹುಡುಕುವ ಜಾಗ ಇಎಫ್‌ಐ ಪಾರ್ಟಿಷನ್ನಿನ ಬೂಟ್ ಫೋಲ್ಡರಿನಲ್ಲಿರುವ ಬೂಟ್‌ಎಕ್ಸ್64 ಎಂಬ ಫೈಲು. ವಿಂಡೋಸ್ ಅಲ್ಲೂ ಒಂದು ಪ್ರತಿ ಇಟ್ಟಿರುತ್ತದೆ. ಡೆಬಿಯನ್ ಎಂಬ ಲಿನಕ್ಸ್ ತಾನಾಗಿ ಇಡುವುದಿಲ್ಲ. ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸಿನಿಂದ) ಡಿಸ್ಕಿನೊಳಕ್ಕೆ ಸಿಎಚ್‌ರೂಟ್ ಆಗಿ (ಡಿಸ್ಕಿನಲ್ಲಿರುವ ಲಿನಕ್ಸಿನ ಒಳಗಿದ್ದಂತೆ ಕೆಲಸ ಮಾಡಿ), ಗ್ರಬ್-ಇನ್‌ಸ್ಟಾಲ್‌ಗೆ ‘ರಿಮೂವಬಲ್’ ಆಯ್ಕೆ ಕೊಟ್ಟು ಓಡಿಸಿದರೆ ಆ ಪ್ರತಿ ಬರುತ್ತದೆ. ಲೈವ್ ಯುಎಸ್‌ಬಿ ಕೂಡ ಯುಇಎಫ್‌ಐ ಮೋಡಿನಲ್ಲೇ ಶುರುವಾಗಿರಬೇಕು.

> ‘ಪ್ರವೇಶಿಸಲಾಗದ ಬೂಟ್ ಸಾಧನ’, ‘ಚಾಲಕ ಇಲ್ಲ’

‘ಪ್ರವೇಶ’ ಎಂದರೆ ಅನುಮತಿಯ ಪ್ರಶ್ನೆ ಅನಿಸುತ್ತದೆ. ಪಾಸ್‌ವರ್ಡ್ ಹುಡುಕಲು ಹೊರಡುತ್ತಾರೆ. ಇಲ್ಲಿ ಬಯಾಸ್ ಡಿಸ್ಕ್ ಓದಿ ವಿಂಡೋಸಿನ ಕೈಗೆ ಕೊಟ್ಟಿದೆ, ವಿಂಡೋಸಿಗೆ ತನ್ನದೇ ಡಿಸ್ಕ್ ಓದಲು ಬರುತ್ತಿಲ್ಲ. ‘ವಿಂಡೋಸ್ ಶುರುವಾಗಿ ಡಿಸ್ಕ್ ಸಿಗದೆ ನಿಂತಿದೆ’ ಎಂದರೆ ಸಾಕು. ‘ಚಾಲಕ’ವಂತೂ ಬಸ್ಸಿಗಿರಲಿ. ಡ್ರೈವರ್ ಎಂದೇ ಬರೆಯಿರಿ, ಇನ್‌ಸ್ಟಾಲ್ ಮಾಡುವವರೆಲ್ಲ ಅನ್ನುವುದು ಅದನ್ನೇ.

ಕಾರಣ ಹೆಚ್ಚಾಗಿ ಸಾಟಾ ಮೋಡ್, ಅಂದರೆ ಯಂತ್ರ ಡಿಸ್ಕಿನೊಡನೆ ವ್ಯವಹರಿಸುವ ರೀತಿ. ಹಳೆಯ ಯಂತ್ರದಲ್ಲಿ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಇತ್ತು, ಹೊಸದರಲ್ಲಿ ಎಎಚ್‌ಸಿಐ; ಅಥವಾ ತಿರುಗುಮುರುಗು. ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ಹೆಸರಿನಲ್ಲಿ ಇದೇ ತೊಂದರೆ. ವಿಂಡೋಸ್ ತಾನು ಬಳಸುತ್ತಿದ್ದ ಡ್ರೈವರನ್ನು ಬಿಟ್ಟು ಉಳಿದವನ್ನು ಬೂಟ್ ವೇಳೆ ಎಬ್ಬಿಸುವುದಿಲ್ಲ. ಹೊಸ ಯಂತ್ರದ ಮೋಡನ್ನು ಹಳೆಯದರ ಮೋಡಿಗೇ ಹೊಂದಿಸಿ ನೋಡುವುದು ಮೊದಲ ಹೆಜ್ಜೆ. ಆಗದಿದ್ದರೆ ರಿಕವರಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬೂಟ್ ನಮೂದು ತಿದ್ದುವ ಬಿಸಿಡಿಎಡಿಟ್ ಮೂಲಕ ಡಿಫಾಲ್ಟ್ ನಮೂದಿಗೆ ‘ಸೇಫ್‌ಬೂಟ್ ಮಿನಿಮಲ್’ ಹಾಕಿ, ಸೆಟಪ್‌ನಲ್ಲಿ ಎಎಚ್‌ಸಿಐ ಇಟ್ಟು ಒಮ್ಮೆ ಸೇಫ್ ಮೋಡಿಗೆ ಬಂದರೆ ಡ್ರೈವರ್ ತಾನೇ ಎದ್ದುಕೊಳ್ಳುತ್ತದೆ. ಆಮೇಲೆ ಆ ಸೇಫ್‌ಬೂಟ್ ಮೌಲ್ಯವನ್ನು ಅಳಿಸಬೇಕು. ಮರೆತರೆ ಪ್ರತಿ ಸಲವೂ ಸೇಫ್ ಮೋಡೇ.

ಲಿನಕ್ಸಿನಲ್ಲಿ ಇದೇ ಜಾಗದ ಕಾರಣ ಇನಿಟ್‌ರಾಮ್‌ಎಫ್‌ಎಸ್. ಫೆಡೋರಾ ಎಂಬ ಲಿನಕ್ಸ್ ಅದನ್ನು ಆಯಾ ಯಂತ್ರಕ್ಕೆ ಬೇಕಾದಷ್ಟೇ ಡ್ರೈವರ್ ತುಂಬಿ ಕಟ್ಟುತ್ತದೆ. ಗ್ರಬ್ ಮೆನುವಿನಲ್ಲಿ ‘ರೆಸ್ಕ್ಯೂ’ ಎಂದಿರುವ ಸಾಲಿನಲ್ಲಿ ಎಲ್ಲ ಡ್ರೈವರೂ ಇರುತ್ತವೆ. ಅದರಿಂದ ಒಳಬಂದು ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಡ್ರಾಕಟ್ ಮತ್ತೆ ಓಡಿಸಿದರೆ ಮುಗಿಯಿತು. ಡೆಬಿಯನ್‌ನಲ್ಲಿ ಇನಿಟ್‌ರಾಮ್‌ಎಫ್‌ಎಸ್ ಸೆಟ್ಟಿಂಗಿನ ಮಾಡ್ಯೂಲ್ಸ್ ಮೌಲ್ಯ ‘ಮೋಸ್ಟ್’ (ಹೆಚ್ಚಿನ ಡ್ರೈವರುಗಳು) ಇರುವವರೆಗೆ ಚಿಂತೆಯಿಲ್ಲ, ಜಾಗ ಉಳಿಸಲು ಯಾರಾದರೂ ಅದನ್ನು ‘ಡೆಪ್’ (ಆ ಯಂತ್ರಕ್ಕೆ ಬೇಕಾದಷ್ಟೇ) ಮಾಡಿದ್ದರೆ ಈ ತೊಂದರೆ ಬರುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಐದನೆಯದೂ ಇದೆ. ಲಿನಕ್ಸ್ ಪೂರ್ತಿ ಶುರುವಾಗಿ, ‘ಸ್ಟಾರ್ಟ್ ಜಾಬ್’ ಎಂದು 1 ನಿಮಿಷ 30 ಸೆಕೆಂಡ್ ಎಣಿಸಿ, ಎಮರ್ಜೆನ್ಸಿ ಮೋಡಿಗೆ ಬೀಳುವುದು. ಹಳೆಯ ಯಂತ್ರದಲ್ಲೇ ಉಳಿದ ಎರಡನೇ ಡಿಸ್ಕಿನ ಹೆಸರು ಎಫ್‌ಎಸ್‌ಟ್ಯಾಬ್‌ನಲ್ಲಿ (ಲಿನಕ್ಸ್ ಶುರುವಿನಲ್ಲಿ ಜೋಡಿಸಿಕೊಳ್ಳುವ ಡಿಸ್ಕುಗಳ ಪಟ್ಟಿಯಲ್ಲಿ) ಇನ್ನೂ ಇದೆ ಎಂದರ್ಥ. ಆ ಸಾಲಿನ ಮುಂದೆ ಹ್ಯಾಶ್ ಹಾಕಿ ಅಥವಾ ಆಯ್ಕೆಗಳಲ್ಲಿ ‘ನೋಫೇಲ್’ ಸೇರಿಸಿ. ಇದಕ್ಕೆ ‘ಬೂಟ್’ ಎಂಬ ಮಾತೇ ಬೇಡ: ‘ಇಲ್ಲದ ಡಿಸ್ಕಿಗೆ ಕಾಯುತ್ತಿದೆ’.

———

ಮೇಲಿನವರು ಮೂರನೆಯದನ್ನು ಮುಟ್ಟಿಲ್ಲ. ಪಟ್ಟಿಯಲ್ಲಿ ಅಪಾಯದ ಪದ ಅದೇ.

> ‘ಬೂಟ್ ಕಡತ ಕಳೆದುಹೋಗಿದೆ’

‘ಕಳೆದುಹೋಗಿದೆ’, ‘ಅಳಿಸಿಹೋಗಿದೆ’ ಎಂದು ಓದಿದವರು ನೇರ ಫಾರ್ಮ್ಯಾಟ್‌ಗೆ ಹೋಗುತ್ತಾರೆ. ಡಿಸ್ಕ್ ಎತ್ತಿ ಹಾಕಿದಾಗ ಬರುವ ಈ ಸಂದೇಶಕ್ಕೆ ಸಾಮಾನ್ಯ ಕಾರಣ ಫೈಲು ಹಳೆಯ ಯಂತ್ರದಲ್ಲೇ ಉಳಿದಿರುವುದು. ಎರಡು ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ವಿಂಡೋಸ್ ಹಾಕಿದಾಗ ಸಿ ಡ್ರೈವ್ ಒಂದರಲ್ಲಿ, ಬೂಟ್ ಫೈಲುಗಳ ‘ಸಿಸ್ಟಮ್ ರಿಸರ್ವ್ಡ್’ ಪಾರ್ಟಿಷನ್ ಇನ್ನೊಂದರಲ್ಲಿ ಕೂರುವುದುಂಟು. ಸಿ ಇರುವ ಡಿಸ್ಕ್ ಮಾತ್ರ ತಂದರೆ ಬೂಟ್‌ಎಂಜಿಆರ್ ಎಲ್ಲಿಂದ ಬಂದೀತು? ಗ್ರಬ್ ರೆಸ್ಕ್ಯೂ ಕೂಡ ಹೀಗೆಯೇ: ಮೊದಲ ತುಣುಕು ಈ ಡಿಸ್ಕಿನ ಎಂಬಿಆರ್‌ನಲ್ಲಿ, ಉಳಿದ ಗ್ರಬ್ ಬಿಟ್ಟುಬಂದ ಡಿಸ್ಕಿನಲ್ಲಿ. ಆದ್ದರಿಂದ ‘ಬೂಟ್ ಫೈಲು ಈ ಡಿಸ್ಕಿನಲ್ಲಿಲ್ಲ’ ಎಂದಿರಲಿ. ವಿಂಡೋಸಿಗೆ ಪರಿಹಾರ: ಇನ್‌ಸ್ಟಾಲ್ ಯುಎಸ್‌ಬಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಕ್‌ಪಾರ್ಟ್ ತೆರೆದು ಪಾರ್ಟಿಷನ್ನುಗಳ ಅಕ್ಷರ ನೋಡಿಕೊಳ್ಳಿ (ಅಲ್ಲಿ ಸಿ ಎನ್ನುವುದು ನಿಮ್ಮ ಸಿ ಆಗಿರಲೇಬೇಕೆಂದಿಲ್ಲ), ಆಮೇಲೆ ಬೂಟ್ ಫೈಲುಗಳನ್ನು ಬರೆಯುವ ಬಿಸಿಡಿಬೂಟ್‌ಗೆ ವಿಂಡೋಸ್ ಫೋಲ್ಡರನ್ನೂ ಗುರಿ ಪಾರ್ಟಿಷನ್ನಿನ ಅಕ್ಷರವನ್ನೂ ಕೊಡಿ. ಲೆಗಸಿ ಯಂತ್ರವಾದರೆ ಆ ಪಾರ್ಟಿಷನ್ ಆಕ್ಟಿವ್ ಆಗಿರಬೇಕು.

ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಬಗ್ಗೆಯೂ ಒಂದು ಪುಟ ಇರಲಿ. ಡಿಸ್ಕಿನ ಬೀಗದ ಕೈ ಹಳೆಯ ಬೋರ್ಡಿನ ಟಿಪಿಎಂನಲ್ಲಿ (ಕೀಗಳನ್ನು ಕಾಯುವ ಚಿಪ್ಪಿನಲ್ಲಿ) ಇರುವುದರಿಂದ ಹೊಸ ಯಂತ್ರ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಇದು ದೋಷವಲ್ಲ. ಕೈಪಿಡಿಯಲ್ಲಿ ಇದನ್ನು ‘ಪಾಸ್‌ವರ್ಡ್’ ಎಂದು ಬರೆಯಬೇಡಿ, ಲಾಗಿನ್ ಪಾಸ್‌ವರ್ಡ್ ಹೊಡೆಯುತ್ತ ಕೂರುತ್ತಾರೆ. ‘48 ಅಂಕಿಯ ಕೀ’ ಎಂದರೆ ಹುಡುಕಬೇಕಾದ್ದು ಏನೆಂದು ಗೊತ್ತಾಗುತ್ತದೆ. ಬಿಚ್ಚುವ ಮೊದಲೇ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿದ್ದರೆ ಕೇಳುವುದೇ ಇಲ್ಲ.

ಇನ್ನೊಂದು, ಅಧ್ಯಾಯದ ತಲೆಬರಹದ ವಿಷಯ. ‘ಹಾರ್ಡ್ ಡಿಸ್ಕ್ ಬದಲಿಸಿದಾಗ’ ಎಂದು ಬರೆದರೆ ಹಳೆಯದು ತೆಗೆದು ಹೊಸದು ಹಾಕಿದ್ದು ಎಂದಾಗುತ್ತದೆ. ‘ವರ್ಗಾಯಿಸಿದಾಗ’ ಎಂದರೆ ಒಳಗಿನ ಫೈಲುಗಳನ್ನು ಕಾಪಿ ಮಾಡಿದ್ದು. ಈ ಎರಡರಲ್ಲೂ ತೊಂದರೆಗಳೇ ಬೇರೆ. ಕ್ಲೋನ್ ಮಾಡಿದ ಡಿಸ್ಕನ್ನು ಅಸಲಿನ ಜೊತೆಯೇ ಸಿಕ್ಕಿಸಿದರೆ ಒಂದೇ ಯುಯುಐಡಿ (ಪಾರ್ಟಿಷನ್ನಿನ ಗುರುತು) ಎರಡು ಕಡೆ ಸಿಕ್ಕಿ ಗ್ರಬ್ ಗೊಂದಲಕ್ಕೆ ಬೀಳುವಂಥವು. ಈ ಅಧ್ಯಾಯಕ್ಕೆ ನೀವು ಈ ಪತ್ರದ ತಲೆಬರಹದಲ್ಲಿ ಬರೆದಿರುವ ‘ಬೇರೆ ಕಂಪ್ಯೂಟರಿಗೆ ಹಾಕಿದ ಮೇಲೆ’ಯೇ ಇರಲಿ, ಕರಡಿನಲ್ಲಿ ಬೇರೆ ಇದ್ದರೆ ತಿದ್ದಿಬಿಡಿ.