ಕೊರಳಿನ ಬ್ಯಾಡ್ಜ್ 1.6, ಕಣ್ಣಿನ ಬ್ಯಾಡ್ಜ್ 0.3: ಯಾವುದನ್ನು ನಂಬಬೇಕು?

ಪ್ರಶ್ನೆ:
ನಮಸ್ಕಾರ. ಎಕ್ಸ್-ರೇ ನೋಡುತ್ತಾ ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ನೀಡುವ ಕ್ಯಾಥ್ ಲ್ಯಾಬ್ ಒಂದರ ವಿಕಿರಣ ಸುರಕ್ಷತೆಯ ಹೊಣೆ ನನ್ನದು. ಅಲ್ಲಿನ ಹೃದ್ರೋಗ ತಜ್ಞರೊಬ್ಬರಿಗೆ ಸೀಸದ ಏಪ್ರನ್ನಿನ ಹೊರಗೆ ಕೊರಳ ಬಳಿ ವಿಕಿರಣ ಅಳೆಯುವ ಒಂದು ಟಿಎಲ್‌ಡಿ ಬ್ಯಾಡ್ಜನ್ನೂ, ಕಣ್ಣಿನ ಮಸೂರಕ್ಕೆ ತಗಲುವ ವಿಕಿರಣದ ಪ್ರಮಾಣ (ಡೋಸ್) ಅಳೆಯಲು ತಲೆಪಟ್ಟಿಗೆ ಇನ್ನೊಂದು ಪುಟ್ಟ ಬ್ಯಾಡ್ಜನ್ನೂ ಕೊಟ್ಟಿದ್ದೇವೆ. ಸತತ ಎರಡು ತಿಂಗಳು ಕೊರಳಿನದು ಸುಮಾರು 1.6 ಮಿಲಿಸೀವರ್ಟ್ (ಡೋಸಿನ ಅಳತೆಯ ಮಾನ) ತೋರಿಸಿದರೆ, ಸೀಸದ ಕನ್ನಡಕದ ಹೊರಗೇ ಇರುವ ಕಣ್ಣಿನ ಬ್ಯಾಡ್ಜ್ 0.3 ಮಾತ್ರ ತೋರಿಸಿದೆ. ಪ್ರಯೋಗಾಲಯದವರು ತಮ್ಮ ಕಡೆ ದೋಷವಿಲ್ಲ ಎನ್ನುತ್ತಾರೆ. 0.3 ಎಂದು ದಾಖಲಿಸಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1:
ಒಪ್ಪದಿರುವುದೇ ಸರಿ. ಕಣ್ಣಿನ ಡೋಸ್ ಕೊರಳಿನದಕ್ಕಿಂತ ತುಸು ಕಡಿಮೆಯಿರುವುದು ಸಹಜ. ಐದರಲ್ಲಿ ಒಂದು ಪಾಲಿಗೆ ಇಳಿದಿದ್ದರೆ ಮೊದಲು ಬ್ಯಾಡ್ಜ್ ಯಾವ ಬದಿಯಲ್ಲಿದೆ ಎಂದು ನೋಡಿ. ವೈದ್ಯರು ರೋಗಿಯ ಬಲಬದಿಯಲ್ಲಿ ನಿಲ್ಲುವುದರಿಂದ, ರೋಗಿಯ ಎದೆಯಿಂದ ಚದುರುವ ವಿಕಿರಣ ಅವರ ಎಡಗಣ್ಣಿಗೇ ಹೆಚ್ಚು ತಾಗುತ್ತದೆ. ಬಲಗಡೆ ಕಟ್ಟಿದ ಬ್ಯಾಡ್ಜಿಗೆ ಅವರ ತಲೆಯೇ ಮರೆಯಾಗುತ್ತದೆ.

ಉತ್ತರ 2:
ಬ್ಯಾಡ್ಜಿನ ಮಾಪನಾಂಕ ನಿರ್ಣಯವನ್ನು, ಅಂದರೆ ಅದನ್ನು ಯಾವ ಪರಿಮಾಣಕ್ಕೆ ಹೊಂದಿಸಿದ್ದಾರೆ ಎಂಬುದನ್ನೂ ವಿಚಾರಿಸಿ. ಮಸೂರಕ್ಕೆ ಸಲ್ಲುವ ಪರಿಮಾಣ ಎಚ್‌ಪಿ(3), ಅಂದರೆ 3 ಮಿಲಿಮೀಟರ್ ಆಳದ ಡೋಸ್, ಕೊರಳಿನ ಬ್ಯಾಡ್ಜಿನ ವರದಿಯಲ್ಲಿ ಸಾಮಾನ್ಯವಾಗಿ ಎಚ್‌ಪಿ(10) ಮತ್ತು ಎಚ್‌ಪಿ(0.07), ಅಂದರೆ 10 ಮತ್ತು 0.07 ಮಿಲಿಮೀಟರ್ ಆಳದ ಡೋಸ್‌ಗಳು, ಇರುತ್ತವೆ. ಆದರೆ ಕ್ಯಾಥ್ ಲ್ಯಾಬಿನ ಎಕ್ಸ್-ರೇಗಳಲ್ಲಿ ಇದರಿಂದ ಐದು ಪಟ್ಟು ವ್ಯತ್ಯಾಸ ಬರದು, ಹಾಗಾಗಿ ನನ್ನ ಅನುಮಾನವೂ ಬದಿಯ ಮೇಲೆಯೇ.

ಪ್ರಶ್ನೆ ಕೇಳಿದವರು:
ನಿನ್ನೆ ಲ್ಯಾಬಿನಲ್ಲೇ ನಿಂತು ನೋಡಿದೆ. ಮುಖಗವಚದ ಎಡಬದಿಯ ತಿರುಪಿಗೆ ಬ್ಯಾಡ್ಜ್ ಒತ್ತುತ್ತದೆಂದು ವೈದ್ಯರು ಪಟ್ಟಿಯನ್ನು ಸರಿಸಿಕೊಂಡಿದ್ದರು. ಬ್ಯಾಡ್ಜ್ ಬಲಗಿವಿಯ ಮೇಲೆ ಕೂತಿತ್ತು. ಮುಂದಿನ ತಿಂಗಳು ಎರಡೂ ಬದಿಗೆ ಒಂದೊಂದು ಕಟ್ಟಿಸುತ್ತೇನೆ.

ಪ್ರಶ್ನೆ ಕೇಳಿದವರು, ತಿಂಗಳ ನಂತರ:
ಎಡಕ್ಕೆ 1.1, ಬಲಕ್ಕೆ 0.3, ಕೊರಳಿಗೆ 1.5. ಇದೇ ಗತಿಯಲ್ಲಿ ಎಡಗಣ್ಣಿನ ವಾರ್ಷಿಕ ಅಂಕಿ 13 ಮಿಲಿಸೀವರ್ಟ್ ದಾಟುತ್ತದೆ. ಕನ್ನಡಕದ ಲೆಕ್ಕದಲ್ಲಿ ಎಷ್ಟು ಕಳೆಯಬಹುದು?

ಉತ್ತರ 1:
ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 2011ರಲ್ಲಿ ಮಸೂರದ ವಾರ್ಷಿಕ ಮಿತಿಯನ್ನು 150ರಿಂದ 20 ಮಿಲಿಸೀವರ್ಟಿಗೆ ಇಳಿಸಲು ಶಿಫಾರಸು ಮಾಡಿತು. ಅದು ಐದು ವರ್ಷಗಳ ಸರಾಸರಿ, ಯಾವ ವರ್ಷವೂ 50 ಮೀರುವಂತಿಲ್ಲ. ಹಳೆಯ ಮಿತಿಯ ಮುಂದೆ ನಗಣ್ಯವೆನಿಸುತ್ತಿದ್ದ 13 ಈಗ ಹಾಗಲ್ಲ. ಕನ್ನಡಕದ ಪೆಟ್ಟಿಗೆಯ ಮೇಲೆ ಬರೆದ ಸೀಸದ ದಪ್ಪವನ್ನು ನೋಡಿ ಹತ್ತು ಪಟ್ಟು ಕಳೆಯಬೇಡಿ. ವಿಕಿರಣ ಕೆಳಗಿನಿಂದ, ಓರೆಯಾಗಿ ಬರುವುದರಿಂದ ಕೆನ್ನೆಗೂ ಗಾಜಿಗೂ ನಡುವಿನ ಸಂದಿಯಲ್ಲಿ ನುಸುಳುತ್ತದೆ, ತಲೆಯೊಳಗಿಂದಲೂ ಒಂದಿಷ್ಟು ಹಿಂದಿರುಗಿ ಚದುರುತ್ತದೆ. ಪಕ್ಕದ ರಕ್ಷಣೆಯಿದ್ದು ಮುಖಕ್ಕೆ ಸರಿಯಾಗಿ ಕೂರುವ ಕನ್ನಡಕವನ್ನು ಪ್ರತಿ ಬಾರಿಯೂ ಧರಿಸುತ್ತಾರೆ ಎಂಬುದು ಖಚಿತವಿದ್ದರೆ ಮಾತ್ರ ಅರ್ಧಕ್ಕೆ ಇಳಿಸಿ. ಅದಕ್ಕೂ ಮೊದಲು ಛಾವಣಿಯಿಂದ ತೂಗುವ ಸೀಸದ ಪರದೆ ಚಿಕಿತ್ಸೆಯ ವೇಳೆ ಎಲ್ಲಿರುತ್ತದೆ ಎಂದು ನೋಡಿ. ಬಹಳ ಕಡೆ ಅದು ಗೋಡೆಯತ್ತ ಮುಖ ಮಾಡಿರುತ್ತದೆ.

ಪ್ರಶ್ನೆ ಕೇಳಿದವರು:
ನಮ್ಮಲ್ಲೂ ಗೋಡೆಯತ್ತಲೇ ಇದೆ. ಎಡಬದಿಯ ಬ್ಯಾಡ್ಜನ್ನು ಕಾಯಂ ಮಾಡಿ, ಹಿಂದಿನ ಎರಡು ತಿಂಗಳಿಗೆ ಕೊರಳಿನ ಅಂಕಿಯಿಂದ ಅಂದಾಜು ಮಾಡಿದ್ದೆಂಬ ಟಿಪ್ಪಣಿಯೊಂದಿಗೆ ದಾಖಲೆ ತಿದ್ದುತ್ತಿದ್ದೇನೆ.