ಪದ ಬೇಕು (ಅರ್ಜೆಂಟ್): ಲೋಡರಿನ ‘ಸ್ಪೂಲ್’, ಮತ್ತೆ ‘ಬೂಮ್ ಕೂಡ್ತೈತಿ’

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದ ಒಂದು ರಿಪೇರಿ ಶೆಡ್ಡಿಗೆ ಗೋಡೆ ಫಲಕ ಬರೆದುಕೊಡಬೇಕು. ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ. ವಿಷಯ ಸ್ಕಿಡ್ ಸ್ಟಿಯರ್ ಲೋಡರ್, ಅಂದರೆ ಕಂಪನಿ ಯಾವುದಿದ್ದರೂ ಇಲ್ಲಿ ಎಲ್ಲರೂ ಬಾಬ್‌ಕ್ಯಾಟ್ ಅನ್ನುವ, ಮುಂದೆ ಬಕೆಟ್ ಇರುವ ಚಿಕ್ಕ ಗಾಡಿ. ಅದರ ಹೈಡ್ರಾಲಿಕ್ ಕಂಟ್ರೋಲ್ ಸವೆದಾಗ ಏನೇನು ನೋಡಬೇಕು ಅನ್ನೋದನ್ನ ಬರೆಯಬೇಕು. ಮೊದಲು ಫೋನಿನ ಅನುವಾದಕ್ಕೆ ಹಾಕಿದೆ, ‘ಸ್ಪೂಲ್’ಗೆ ‘ನೂಲಿನ ಉಂಡೆ’ ಅಂತ ಕೊಟ್ಟಿತು. ಮೆಕ್ಯಾನಿಕ್ ಓದಿ ‘ಇದೇನ್ ಸೀರಿ ಅಂಗಡಿ ಏನ್ರಿ?’ ಅಂದರು.

ಮೂರು ಪದ ಬೇಕು. ಮೊದಲನೆಯದು ಆ ಸ್ಪೂಲ್: ವಾಲ್ವಿನ ಬೋರಿನೊಳಗೆ, ಅಂದರೆ ಕೊರೆದ ಉದ್ದ ತೂತಿನೊಳಗೆ, ಹಿಂದೆ ಮುಂದೆ ಸರಿದು ಎಣ್ಣೆಗೆ ದಾರಿ ಬಿಡುವ, ಅಲ್ಲಲ್ಲಿ ಕಚ್ಚು ಇರುವ ಉಕ್ಕಿನ ಸರಳು. ಆಮೇಲೆ ಲಿವರಿನ ಪಿನ್ನು, ಬುಷ್ ಸವೆದು ಬರುವ ಅಲುಗಾಟ, ಶೆಡ್ಡಿನಲ್ಲಿ ಅದಕ್ಕೆ ‘ಪ್ಲೇ’ ಅಂತಲೋ ‘ಢಿಲ್ಲ’ ಅಂತಲೋ ಅನ್ನುತ್ತಾರೆ. ಕೊನೆಗೆ, ಎತ್ತಿ ನಿಲ್ಲಿಸಿದ ಬೂಮ್ (ಬಕೆಟ್ ಎತ್ತುವ ತೋಳು) ಯಾರೂ ಮುಟ್ಟದೆ ಮೆಲ್ಲಗೆ ಇಳಿಯೋದು. ಇದಕ್ಕೆ ಇಲ್ಲಿ ‘ಬೂಮ್ ಕೂಡ್ತೈತಿ’ ಅನ್ನುತ್ತಾರೆ, ಅಂದರೆ ಕೂತುಕೊಳ್ಳುತ್ತದೆ. ಮೈಸೂರು ಕಡೆಯವರು ಓದಿದರೆ ಕೂಡಿಸುವ ಲೆಕ್ಕ ಅಂದುಕೊಂಡಾರು.

ಇಳಕಲ್ಲಿನಿಂದ:

ಲಾಳಿ. ಬೇರೆ ಹುಡುಕಬೇಡಿ. ಮಗ್ಗದಲ್ಲಿ ಲಾಳಿ ಆ ಕಡೆ ಈ ಕಡೆ ಓಡುತ್ತದೆ, ನಿಮ್ಮ ಸರಳೂ ಅಷ್ಟೇ. ನಿಮ್ಮ ಫೋನು ಹೇಳಿದ್ದು ಲಾಳಿಯ ಹೊಟ್ಟೆಯಲ್ಲಿ ಕೂರುವ ಕಂಡಿಕೆಯನ್ನ. ನಾಳ, ನಾಳಿ, ಲಾಳಿ ಎಲ್ಲ ಒಂದೇ ಬಳ್ಳಿಯ ಕಾಯಿ ಅಂತ ನಾನು ಮೊದಲಿಂದ ಹೇಳುತ್ತಲೇ ಇದ್ದೇನೆ, ಹೈಡ್ರಾಲಿಕ್ ಅನ್ನೋದರ ಗ್ರೀಕ್ ಮೂಲದಲ್ಲೂ ನೀರು, ಕೊಳವೆ ಎರಡೂ ಇವೆ, ಅಂದ ಮೇಲೆ ಇದಕ್ಕಿಂತ ಚೆನ್ನಾಗಿ ಹೊಂದುವ ಪದ ಎಲ್ಲಿ ಸಿಗುತ್ತೆ?

ಬಾಗಲಕೋಟೆಯಿಂದ:

ಲಾಳಿ ಬೇಡ. ಶಟಲ್ ಅಂದರೂ ಲಾಳಿಯೇ, ಶಟಲ್ ವಾಲ್ವ್ ಅಂತ ಬೇರೆಯೇ ಒಂದಿದೆ, ಎರಡು ಲೈನಿನಲ್ಲಿ ಜಾಸ್ತಿ ಒತ್ತಡ ಇರೋದನ್ನ ಮುಂದೆ ಬಿಡುತ್ತದೆ. ಅದಕ್ಕೂ ಯಾರೋ ಲಾಳಿ ಅಂತಾರೆ, ಹುಡುಗ ತಪ್ಪು ಪಾರ್ಟ್ ಬಿಚ್ಚುತ್ತಾನೆ. ಸ್ಪೂಲ್ ಅಂತಲೇ ಬರೀರಿ.

ನೀವು ಕೇಳದೇ ಇರೋ ಪದ ಒಂದಿದೆ. ನನ್ನ ಗಾಡಿಗೆ ಎರಡು ಸಲ ಓ ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಕಿಟ್ ಹಾಕಿಸಿದೆ. ಹೊರಗೆ ಜಿನುಗೋದು ನಿಂತಿತು, ಬೂಮ್ ಇಳಿಯೋದು ನಿಲ್ಲಲಿಲ್ಲ. ಸ್ಪೂಲಿಗೂ ಬೋರಿಗೂ ನಡುವಿನ ಸಂದು ಬರೀ ಹತ್ತು ಮೈಕ್ರಾನ್ ಆಸುಪಾಸು, ತಲೆಕೂದಲೇ ಸುಮಾರು 70 ಇರುತ್ತದೆ. ಕೊಳಕು ಎಣ್ಣೆ ಅಲ್ಲಿ ನಾಲ್ಕು ಗೆರೆ ಎಳೆದರೆ ಮುಗೀತು, ಎಣ್ಣೆ ಒಳಗೊಳಗೇ ಹಾದುಹೋಗುತ್ತದೆ, ಹೊರಗೆ ಒಂದು ಹನಿ ಕಾಣಲ್ಲ. ಹೊಸ ಸ್ಪೂಲ್ ಒಂದನ್ನೇ ತಂದು ತುರುಕಿದರೂ ಆಗಲ್ಲ, ಅದು ಆ ಬೋರಿಗೇ ಕೂರಿಸಿದ ಜೋಡಿ. ಬೋರ್ ಹೋನ್ ಮಾಡಿ, ಅಂದರೆ ಒಳಮೈ ಉಜ್ಜಿ ನಯ ಮಾಡಿ, ಸ್ಪೂಲಿಗೆ ಹಾರ್ಡ್ ಕ್ರೋಮ್ ಕೊಟ್ಟು ಗ್ರೈಂಡ್ ಮಾಡಿಸಬೇಕು, ಇಲ್ಲ ಪೂರ್ತಿ ವಾಲ್ವ್ ಬ್ಲಾಕ್ ಬದಲಿಸಬೇಕು. ಸಿಲಿಂಡರಿನ ಸೀಲನ್ನೂ ನೋಡಬೇಕು, ಅದು ಬೇರೆ ಮಾತು. ನೀವು ‘ಸೋರಿಕೆ’ ಅಂತ ಮಾತ್ರ ಬರೆದರೆ ಹುಡುಗರು ಬಟ್ಟೆ ತಗೊಂಡು ಹೊರಗೇ ಒರೆಸಿ ನೋಡ್ತಾರೆ. ‘ಒಳಸೋರಿಕೆ’ ಅಂತ ಬೇರೆ ಸಾಲು ಹಾಕಿ.

ವಿಜಯಪುರದಿಂದ:

ಸ್ಪೂಲ್, ಬೋರ್, ಹೋನ್, ಕ್ರೋಮ್, ಬ್ಲಾಕ್. ಕನ್ನಡದ ಪಾಲಿಗೆ ಉಳಿದದ್ದು ‘ಮಾಡಿಸಬೇಕು’ ಅಷ್ಟೇ. ಸರಿಯುವ ಕಡ್ಡಿ, ‘ಸರಿಗಡ್ಡಿ’ ಅನ್ನಿ, ಮುಗೀತು. ‘ಸವಕಳಿ’ ಲೆಕ್ಕಪತ್ರದವರ ಪಾಲಾಗಿದೆ, ‘ಸವೆತ’ ಸಾಕು. ‘ಢಿಲ್ಲ’ ಮರಾಠಿ, ‘ಸಡಿಲ’ ಇರುವಾಗ ಅದು ಯಾಕೆ? ‘ಪ್ಲೇ’ಗೆ ಯಾರಾದರೂ ‘ಆಟ’ ಅಂತ ಬರೆದರೆ ನಾನು ಈ ಬಳಗ ಬಿಡುತ್ತೇನೆ.

ಬೆಳಗಾವಿಯಿಂದ, ಇನ್ನೊಬ್ಬರು:

ಸರಿಗಡ್ಡಿ ಅಂತ ಕೇಳಿ, ಅಂಗಡಿಯವ ಊದಿನಕಡ್ಡಿ ಕೊಡುತ್ತಾನೆ. ಆ ಗಾಡಿ ಹುಟ್ಟಿದ್ದು 1957ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ, ಟರ್ಕಿ ಕೋಳಿ ಶೆಡ್ಡಿನ ಗೊಬ್ಬರ ಬಳಿಯಲು. ಬಾಬ್‌ಕ್ಯಾಟ್ ಅನ್ನೋ ಹೆಸರು ಬಂದದ್ದು 1962ರಲ್ಲಿ. ಅಲ್ಲಿಂದ ಬಂದ ಗಾಡಿ ತನ್ನ ಪದಾನೂ ತಂದಿದೆ, ತಪ್ಪೇನು? ದಿನಾ ಅದಕ್ಕೆ ಹಾಕೋ ಚಾವಿ ಪೋರ್ಚುಗೀಸರದು.

ವಿಜಯಪುರದಿಂದ:

ನಾವು ಕೀಲಿ ಅನ್ನುತ್ತೇವೆ.

ಬೆಳಗಾವಿಯಿಂದ, ಇನ್ನೊಬ್ಬರು:

ಕೀಲ ಸಂಸ್ಕೃತ.

ಮೊದಲು ಕೇಳಿದವರಿಂದ:

ಚಾವಿ ಜಗಳ ಆಮೇಲೆ ಮಾಡಿ, ಪ್ರಿಂಟಿನವರು ಎರಡು ಸಲ ಫೋನ್ ಮಾಡಿದರು. ಫಲಕ ಹೀಗೆ ಹೋಗುತ್ತಿದೆ:

‘ಬೂಮ್ ಎತ್ತಿದ್ದರೆ ಆಸರೆ ಕೊಟ್ಟ ಮೇಲೇ ಕೈ ಹಾಕಿ. ಲಿವರ್ ಸಡಿಲವೇ? ಮೊದಲು ಪಿನ್, ಬುಷ್ ನೋಡಿ. ಲಿವರ್ ಬಿಟ್ಟರೂ ಗಾಡಿ ತೆವಳುತ್ತದೆಯೇ? ಪಂಪಿನ ನ್ಯೂಟ್ರಲ್ ಸೆಟ್ಟಿಂಗ್ ನೋಡಿ. ಬೂಮ್ ತಾನಾಗಿ ಕೂಡುತ್ತದೆಯೇ? ಒಳಸೋರಿಕೆ ಇರಬಹುದು. ಸ್ಪೂಲ್ ಸವೆತ, ಸಿಲಿಂಡರ್ ಸೀಲ್ ಎರಡೂ ನೋಡಿ.’

‘ಕೂಡುತ್ತದೆ’ ಉಳಿಸಿದ್ದೇನೆ. ಓದೋರು ಆ ಶೆಡ್ಡಿನವರು, ಮೈಸೂರಿನವರಲ್ಲ. ‘ತೆವಳು’ ಹೇಳಿದ್ದು ಮೆಕ್ಯಾನಿಕ್ಕೇ, ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ ಅಲ್ವಾ?

ಇಳಕಲ್ಲಿನಿಂದ:

ಲಾಳಿ ಎಲ್ಲಿ ಹೋಯಿತು?

ಮೊದಲು ಕೇಳಿದವರಿಂದ:

ಮೆಕ್ಯಾನಿಕ್ಕಿಗೆ ಹೇಳಿ ನೋಡಿದೆ. ಅವರ ತಾಯಿಯ ತವರು ನೇಕಾರರ ಊರು ಗುಳೇದಗುಡ್ಡವಂತೆ. ಎಣ್ಣೆ ಕೈಯಲ್ಲೇ ಹಳೇ ಸ್ಪೂಲ್ ಎತ್ತಿ ಬೋರಿನೊಳಗೆ ಎರಡು ಸಲ ಆಡಿಸಿ ‘ಹೌದಲ್ರಿ, ಲಾಳಿನ’ ಅಂದರು. ಆಮೇಲೆ ಹುಡುಗನ ಕಡೆ ತಿರುಗಿ, ‘ಏ, ಆ ಇನ್ನೊಂದ್ ಸ್ಪೂಲ್ ತಾರೋ’ ಅಂದರು.